ದೊಡ್ಡವ್ವ ಮೀಸೆ ಬಿಟ್ಟದ್ದು

"ನೀನು ಡಿಗ್ರಿ ತಕ್ಕಂಡ್ರೆ ನಂಗೆ ಮೀಸೆ ಬತ್ತದೆ ಕಣ್ಲಾ" ಎಂದವಳು ನಮ್ಮ ದೊಡ್ಡವ್ವ ಸಿದ್ದಮ್ಮ, ಅಪ್ಪನ ಅಣ್ಣನ ಹೆಂಡತಿ. ತಮಿಳು ಸೀಮೆಯ ಬೆಟ್ಟದ ಮೇಲಿರುವ ತಿಗನಾರೆಯ ನಮ್ಮ ಮನೆತನದಲ್ಲಿ ಹತ್ತನೆಯ ತರಗತಿ ದಾಟಿದವರೇ ಇರಲಿಲ್ಲ. ಹಾಗಾಗಿ ಅವಳ ಪಂಥದಲ್ಲಿ ಅಪಾಯವೇನೂ ಇರಲಿಲ್ಲ. ನಾನು ಬೆಟ್ಟದ ಕೆಳಗಿನ ಕಾಲೇಜು ಸೇರಿದೆ. ಮೀಸೆಯೇ ಮೊದಲು ಬಂತು.

ಅದಕ್ಕೂ ಮುಂಚೆ ಅವಳಿಗೆ ಬಂದದ್ದು ಕಾಯಿಲೆ. ಮೂಗಿನ ಮೇಲೆ ಚಿಟ್ಟೆಯೊಂದು ಎರಡೂ ಕೆನ್ನೆಗೆ ರೆಕ್ಕೆ ಬಿಚ್ಚಿ ಕೂತಂತೆ ಕೆಂಪು. ಬೆಳಿಗ್ಗೆ ಬೆರಳು ಮಡಚಲಾಗದೆ ಹಸುವಿನ ಕೆಚ್ಚಲ ಮುಂದೆ ಸುಮ್ಮನೆ ಕೂರುವಳು. "ಅಸ ನನ್ನ ನೋಡ್ತದೆ, ನಾನು ಅಸವ ನೋಡ್ತೀನಿ. ಇಬ್ರೂ ಕಾಪಿಗೆ ಕಾಯ್ತಾ ಕುಂತಿರ್ತೀವಿ" ಎನ್ನುವಳು. ಊರಿನವರು ಉಷ್ಣ ಎಂದರು, ರಾಗಿ ತೆನೆಯ ಸುಂಕು ತಾಕಿದೆ ಎಂದರು, ದೃಷ್ಟಿ ತೆಗೆದರು. ಒಂದು ವರ್ಷ ಹಾಗೇ ಹೋಯಿತು. ಕಾಲು ಊದಿದ ಮೇಲೆ ನಾನೇ ಕೊಯಮತ್ತೂರಿಗೆ ಕರೆದೊಯ್ದೆ. ದಿಂಬಂ ಘಾಟಿಯಲ್ಲಿ ತಿರುವಿಗೊಂದು ದೇವರ ಹೆಸರು ಹೇಳಿದಳು. ಹದಿನೆಂಟಕ್ಕೆ ದೇವರು ಮುಗಿದು, ಉಳಿದ ಒಂಬತ್ತಕ್ಕೆ ಡ್ರೈವರನ್ನು ಬೈದಳು.

ಲೂಪಸ್ ಎಂದರು ಡಾಕ್ಟರಮ್ಮ. ಮೈ ಕಾಯಬೇಕಾದ ಶಕ್ತಿಯೇ ಮೈಗೆ ತಿರುಗಿಬೀಳುವ ಕಾಯಿಲೆ, ಹೆಚ್ಚಾಗಿ ಹೆಂಗಸರಿಗೇ ಬರುತ್ತದೆ, ಬಿಸಿಲು ಆಗದು, ಮಾತ್ರೆಯನ್ನು ನಾವಾಗಿ ನಿಲ್ಲಿಸಿದರೆ ಮೂತ್ರಪಿಂಡಕ್ಕೇ ಕೇಡು ಎಂದು ತಮಿಳಿನಲ್ಲಿ ಬಿಡಿಸಿ ಹೇಳಿದರು.

"ಒಲ ಕಾಯೋ ನಾಯಿ ಮನೆಯವರ್ನೇ ಕಚ್ಚುದಂಗೆ" ಎಂದಳು ದೊಡ್ಡವ್ವ ನನ್ನ ಕಡೆ ತಿರುಗಿ. "ಅದ್ಸರಿ, ಎಂಗಸ್ರನ್ನೇ ಯಾಕ್ಲಾ ಕಚ್ಬೇಕು? ನಿಮ್ ದೊಡ್ಡಪ್ಪ ಪಕ್ಕದಲ್ಲೇ ಮನಗಿದ್ನಲ್ಲ!"

ಬಿಸಿಲು ಬೇಡವೆಂದರೆ ಹೊಲ ಬಿಡುವವಳೇ? ಇಳಿಹೊತ್ತಿನಲ್ಲಿ ಕಪ್ಪು ಕೊಡೆಯನ್ನು ಹಗ್ಗದಿಂದ ಬೆನ್ನಿಗೆ ಬಿಗಿದುಕೊಂಡು ಕಳೆ ಕೀಳುವಳು. ಆ ವರ್ಷ ನಮ್ಮ ರಾಗಿಗೆ ನವಿಲೂ ಬರಲಿಲ್ಲ. "ನಿಮ್ ಬೆರ್ಚಪ್ಪನ ಒಂದ್ವಾರ ನಮ್ಗೂ ಕಳ್ಸಪ್ಪ" ಎಂದ ಪಕ್ಕದ ಹೊಲದವನು.

ಮಾತ್ರೆಗೆ ಮುಖ ಪೂರಿಯಂತೆ ಉಬ್ಬಿತು. ಕಾಯಿಲೆಗೆ ತಲೆಯ ಕೂದಲು ಉದುರಿದರೆ, ಮಾತ್ರೆಗೆ ತುಟಿಯ ಮೇಲೆ ಕಪ್ಪಗೆ ಮೂಡಿತು. ನನ್ನ ಮೀಸೆಗಿಂತ ದಟ್ಟ. ಒಂದು ಮದುವೆಯಲ್ಲಿ ಹೆಂಗಸರು ಸೆರಗಿನ ಮರೆಯಲ್ಲಿ ನಕ್ಕರು. ಮನೆಗೆ ಬಂದವಳು ಮಾತ್ರೆಗಳನ್ನು ಮೂಲೆಗೆ ಎಸೆದು, "ಸತ್ರೂ ಎಂಗ್ಸಾಗೇ ಸಾಯ್ತೀನಿ" ಎಂದಳು. ಎರಡು ದಿನ ಮುಟ್ಟಲಿಲ್ಲ. ಕಾಲು ಮತ್ತೆ ಊದತೊಡಗಿತು. ಅದೇ ವಾರ ನಾನು ರಸಾಯನಶಾಸ್ತ್ರದಲ್ಲಿ ಮೂರನೆಯ ಸಲ ಫೇಲಾಗಿದ್ದೆ.

ನಮ್ಮ ಕಡೆ ಹರಕೆ ಹೊತ್ತ ಗಂಡಸರು ಮಾದಪ್ಪನಿಗೆಂದು ಮುಡಿ ಬಿಡುತ್ತಾರೆ. ಕೋರಿದ್ದು ಕೈಗೂಡುವ ತನಕ ಆ ಕೂದಲಿಗೆ ಕತ್ತಿ ಸೋಕಿಸುವಂತಿಲ್ಲ. ಹೆದರಿಕೆಯಲ್ಲಿ ಅದೇ ನನ್ನ ಬಾಯಿಗೆ ಬಂತು: "ದೊಡ್ಡವ್ವ, ಮಾತು ಕೊಟ್ಟೋಳು ನೀನೇ. ಮೀಸೆ ಬಂದದೆ. ಡಿಗ್ರಿ ಬರೋಗಂಟ ಅದು ಮಾದಪ್ಪನ ಮುಡಿ. ಮಾತ್ರೆ ಬುಟ್ಟು ಅದ ನಡುವಲ್ಲೇ ಉದುರ್ಸ್ಬುಡ್ತಾರಾ?"

ಅವಳು ಬಹಳ ಹೊತ್ತು ತುಟಿ ಸವರಿಕೊಂಡಳು. "ಮಾತ್ರೆ ಎತ್ಕೊಡ್ಲಾ" ಎಂದಳು.

ಮರುದಿನದಿಂದ ನಕ್ಕವರಿಗೆಲ್ಲ ಒಂದೇ ಉತ್ತರ: "ಇದು ಮುಡಿ ಕಣವ್ವ, ನಮ್ಮುಡ್ಗ ಪಾಸಾಗೋಗಂಟ. ನಗೋದಾದ್ರೆ ಅವನ್ನ ನೋಡಿ ನಗ್ರಿ." ನನಗೆ ಬೇರೆ ದಾರಿಯೇ ಉಳಿಯಲಿಲ್ಲ. ನಾನು ಪುಸ್ತಕ ಮುಚ್ಚಿದರೆ ಸಾಕು, ಎದುರು ಬಂದು ಮೀಸೆ ತಿರುವಿ ಕೆಮ್ಮುವಳು.

ನಾಲ್ಕನೆಯ ಸಲ ಪಾಸಾದೆ. ಅಷ್ಟರಲ್ಲಿ ಡಾಕ್ಟರಮ್ಮ ಮಾತ್ರೆಯನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ ಬಂದಿದ್ದರು. ಮೀಸೆಯೂ ತೆಳುವಾಗಿ ಹೊಗೆಯಂತಾಗಿತ್ತು.

ಪದವಿ ಕೊಡುವ ದಿನ ದೊಡ್ಡವ್ವ ಸಭಾಂಗಣದೊಳಗೂ ಕೊಡೆ ಬಿಚ್ಚಿಕೊಂಡೇ ಕೂತಳು. ಹಿಂದಿನವರು ಗೊಣಗಿದರೂ ಮಡಚಲಿಲ್ಲ. ನಾನು ವೇದಿಕೆಯಿಂದ ಇಳಿದು ಸರ್ಟಿಫಿಕೇಟನ್ನು ನೇರವಾಗಿ ಅವಳ ಕೈಗಿಟ್ಟೆ. ಓದು ಬಾರದವಳು. ಈಗ ಮಡಚಬಲ್ಲ ಬೆರಳಿನಿಂದ ಅದರ ಅಂಚನ್ನು ಒಂದು ಸುತ್ತು ಸವರಿದಳು, ಆಮೇಲೆ ತುಟಿ ಸವರಿಕೊಂಡಳು.

"ಮುಂದಕ್ಕೂ ಓದ್ತೀನಿ ಅಂತ ಮಾತ್ರ ಅನ್ಬೇಡ ಕಣ್ಲಾ" ಎಂದಳು. "ಗಡ್ಡ ಬುಡಕ್ಕೆ ನನ್ ಕೈಲಾಗಕಿಲ್ಲ."