ಅಣ್ಣನ ವಿಮಾನ ಇಳಿಯುವತನಕ

ಸ್ಟೆತಾಸ್ಕೋಪಿನ ಬಿಲ್ಲೆಯನ್ನು ಅಂಗೈಗಳ ನಡುವೆ ಉಜ್ಜಿ ಬೆಚ್ಚಗೆ ಮಾಡಿದ ಮೇಲೆಯೇ ಅವರು ರೋಗಿಯ ಎದೆಗೆ ಇಡುತ್ತಿದ್ದರು. ಮುಂಬಯಿಯ ಕುರ್ಲಾ ಸ್ಟೇಷನ್ ಹತ್ತಿರದ ಇಕ್ಕಟ್ಟಾದ ದವಾಖಾನೆಯಲ್ಲಿ ದಿನವಿಡೀ ಹಿಂದಿ, ಮರಾಠಿ ಮಾತಾಡುತ್ತಿದ್ದ ನಮ್ಮ ಡಾಕ್ಟರು, ನಮ್ಮನ್ನು ಕಂಡೊಡನೆ ವಿಜಯಪುರದ ಕನ್ನಡಕ್ಕೆ ಹೊರಳುತ್ತಿದ್ದರು. ಎಂಥ ಜಡ್ಡಿಗೂ "ಏನೂ ಆಗಂಗಿಲ್ಲ" ಎಂದು ಸುಳ್ಳು ಧೈರ್ಯ ಹೇಳಿದವರಲ್ಲ. "ನೋಡೂಣು" ಎನ್ನುತ್ತಿದ್ದರು, ಅಷ್ಟೇ.

ಕೆಲವು ವರ್ಷಗಳ ಹಿಂದೆ ಅಪ್ಪನಿಗೆ ಹೊಟ್ಟೆನೋವು ತಡೆಯಲಾಗದೆ ಘಾಟ್ಕೋಪರ್‌ನ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ಅಪೆಂಡಿಕ್ಸ್ ಒಡೆಯುವ ಹಾಗಿದೆ, ಸಂಜೆಯೊಳಗೆ ಆಪರೇಷನ್ ಆಗಲೇಬೇಕು ಎಂದರು ಸರ್ಜನ್. ಅಪ್ಪ ಒಪ್ಪಲಿಲ್ಲ. ಹಿಂದೆ ಅಮ್ಮ ಆಪರೇಷನ್ನಿಗೆಂದು ಒಳಗೆ ಹೋದವಳು ಜೀವಂತ ಹೊರಗೆ ಬಂದಿರಲಿಲ್ಲ. ಹಡಗಿನ ಇಂಜಿನಿಯರ್ ಆಗಿದ್ದ ಅಣ್ಣ ಆಗ ಸಮುದ್ರದ ಮೇಲಿದ್ದ. ಕೊನೆಯ ಸಲ ಅವಳ ಮುಖ ನೋಡಲೂ ಅವನಿಗೆ ಆಗಲಿಲ್ಲ.

"ದೊಡ್ಡಾವ ಬರೂತನಾ ನಾ ಒಳಗ ಹೋಗಂಗಿಲ್ಲ," ಎಂದು ಅಪ್ಪ ಗೋಡೆ ಕಡೆ ಮುಖ ತಿರುಗಿಸಿದರು.

ಅಣ್ಣನ ಹಡಗು ಈ ಸಲ ಬ್ರೆಜಿಲಿನ ಬಂದರಿನಲ್ಲಿತ್ತು. ಸುದ್ದಿ ತಿಳಿದವನೇ ಸಾವ್ ಪಾಲೊ ವಿಮಾನ ನಿಲ್ದಾಣಕ್ಕೆ ಓಡಿದ್ದ. ನಾನು ಮೊಬೈಲಿನಲ್ಲಿ ಹುಡುಕಿದೆ: ಮುಂಬಯಿಗೆ ಹದಿನಾಲ್ಕು ಸಾವಿರ ಕಿಲೋಮೀಟರಿಗೆ ಹತ್ತಿರ. ನೇರ ವಿಮಾನವಿಲ್ಲ. ಹಾರಾಟವೇ ಹದಿನೇಳೋ ಹದಿನೆಂಟೋ ತಾಸು. ನಡುವೆ ಇಳಿದು ಕಾಯುವುದು ಬೇರೆ. ಡಾಕ್ಟರಿಗೆ ಫೋನ್ ಮಾಡಿದೆ. ದವಾಖಾನೆಯ ಶಟರ್ ಎಳೆದು ಅವರು ರಿಕ್ಷಾದಲ್ಲಿ ಬಂದೇಬಿಟ್ಟರು.

"ಯಜಮಾನ್ರ, ಹುಡುಗ ವಿಮಾನ ಹತ್ಯಾನ. ಅದು ಎಷ್ಟ ಜೋರು ಹಾರಿದ್ರೂ ನಾಳೇನ ಬರೂದು. ನಿಮ್ಮ ಹೊಟ್ಟಿ ಅಲ್ಲೀತನಾ ತಡ್ಯಂಗಿಲ್ಲ."

"ಮತ್ತ ಒಳಗ ನನ್ನಾವ್ರು ಅಂತ ಯಾರ್ ಇರ್ತಾರ್ರೀ?"

ಡಾಕ್ಟರು ಬಗ್ಗಿ ಬೂಟು ಕಳಚತೊಡಗಿದರು. "ನಾ ಬರ್ತೇನಿ. ನೀವು ಕಣ್ಣು ತೆರೆಯೂತನಾ ಬಾಜೂಕ ನಿಂತಿರ್ತೇನಿ. ಮಗ ಅನ್ನಾಕ ನನಗ ವಯಸ್ಸಾಗೇತಿ, ತಮ್ಮ ಅಂತ ತಿಳ್ಕೋರಿ."

ಸರ್ಜನ್ ಒಪ್ಪಿದರು. ಅಪ್ಪ ಅವರ ಕೈ ಹಿಡಿದುಕೊಂಡೇ ಒಳಗೆ ಹೋದರು.

ಹೊರಗಿನ ಬೆಂಚಿನ ಮೇಲೆ ನಾನು ಒಬ್ಬಳೇ. ಕೊನೆಗೂ ಬಾಗಿಲು ತೆರೆದು, ಹಸಿರು ಟೊಪ್ಪಿಗೆ ಹಾಕಿದ ಡಾಕ್ಟರು ಬಂದರು. "ಹಸಿವಿ ಆಗೇತವ್ವಾ, ಏನರ ತರಸು. ನಿಮ್ಮಪ್ಪ ಆರಾಮ ಅದಾರ." ನಾನು ನಗುತ್ತಲೇ ಅತ್ತುಬಿಟ್ಟೆ.

ಮರುದಿನ ಬ್ಯಾಗಿನ ಸಮೇತ ಓಡಿಬಂದ ಅಣ್ಣನನ್ನು ನೋಡಿ ಅಪ್ಪ, "ಅಷ್ಟ ದೂರದಿಂದ ಯಾಕ ಬರಾಕ ಹೋದ್ಯೋ?" ಎಂದು ಗದರಿದರು. ಅವನ ಕೈ ಮಾತ್ರ ಬಿಡಲಿಲ್ಲ.

ಡಾಕ್ಟರು ಕಳೆದ ವರ್ಷ ತೀರಿಕೊಂಡರು. ಕೊನೆಯ ದರ್ಶನ ಮಾಡಿಕೊಂಡು ನಾನೂ ಅಪ್ಪನೂ ಕುರ್ಲಾದಿಂದ ಲೋಕಲ್‌ನಲ್ಲಿ ಮರಳುತ್ತಿದ್ದೆವು. ಗರ್ದಿಯಲ್ಲಿ ಯಾರೋ ಎದ್ದು ಸೀಟು ಬಿಟ್ಟುಕೊಟ್ಟರೂ ಅಪ್ಪ ಕೂರಲಿಲ್ಲ. ಘಾಟ್ಕೋಪರ್ ಬರುವವರೆಗೂ ಕಂಬ ಹಿಡಿದು ನೆಟ್ಟಗೆ ನಿಂತೇ ಬಂದರು. ಅಂದು ಡಾಕ್ಟರು ಅಪ್ಪನ ಪಕ್ಕದಲ್ಲಿ ನಿಂತ ಹಾಗೆ, ಇಂದು ಅಪ್ಪ ಅವರಿಗಾಗಿ ನಿಂತಿದ್ದರು. ಅದನ್ನು ನೋಡುತ್ತ, ಆ ದುಃಖದಲ್ಲೂ ನನ್ನ ಜೀವ ಹಗುರಾಯಿತು.