ಬೂದಿಯಲ್ಲಿ ಕಲಸಿದ ಅನ್ನಭೇದಿ

೧೯೫೬ರ ನವೆಂಬರ್ ಒಂದರ ನನ್ನ ಡೈರಿಯಲ್ಲಿ ಎರಡೇ ಸಾಲು: "ಕನ್ನಡ ನಾಡು ಒಂದಾಯಿತು. ಹಮ್ಮಿಗಿಯ ಟೊಮೆಟೊ ಎಲೆಗಳು ಹಳದಿಗಟ್ಟಿವೆ."

ಹಮ್ಮಿಗಿ ಊರಿನ ಆ ತೋಟವನ್ನು ಲಾವಣಿಗೆ, ಅಂದರೆ ಗೇಣಿಗೆ, ಹಿಡಿದವಳು ಗಂಡ ಸತ್ತ ಗೌರವ್ವ. ಬೆಳೆ ಕೈಹಿಡಿದರೆ ಕೊರ್ಲಹಳ್ಳಿಯ ಮೈದುನರ ಮನೆಯಲ್ಲಿ ಮುಸುರೆ ತಿಕ್ಕುತ್ತ ಬದುಕುವುದು ತಪ್ಪುತ್ತಿತ್ತು. ಅಲ್ಲಿಯಂಥ ಸುಣ್ಣದ ನೆಲದಲ್ಲಿ ಬೇರಿಗೆ ಕಬ್ಬಿಣ ಸಿಗದೆ ಎಲೆ ಹಳದಿಗಟ್ಟುತ್ತದೆಂದು ನಾನು ಕಾಲೇಜಿನಲ್ಲಿ ಓದಿದ್ದೆ. ಬೆಟಗೇರಿಯ ಬಣ್ಣಗಾರರು ಬಟ್ಟೆಗೆ ಬಣ್ಣ ಹಾಕಲು ಕೊಳ್ಳುವ ಕಬ್ಬಿಣದ ಉಪ್ಪು, ಅನ್ನಭೇದಿಯನ್ನು ತಂದುಕೊಟ್ಟು, ನೀರಿನಲ್ಲಿ ತೆಳ್ಳಗೆ ಕರಗಿಸಿ ಎಲೆಗೆ ಸಿಂಪಡಿಸಲು ಹೇಳಿದೆ.

ಮತ್ತೆ ಹೋದಾಗ ಗಿಡಗಳು ಬಿಳಿಚಿಕೊಂಡಿದ್ದವು. ಹೂವೆಲ್ಲ ಉದುರಿತ್ತು.

"ಎಲಿಗೆ ಹೊಡದ್ಯೇನವ್ವಾ?" ಎಂದು ಕೇಳಿದೆ.

"ಅರಿವಿ ಕರ್ರಗ ಮಾಡೋ ಪುಡಿ ಎಲಿಗ್ಯಾಕ ಹಾಕಲ್ರಿ ಅಕ್ಕಾರ? ಬುಡಕ್ಕ ಹಾಕೇನಿ. ಬೇರು ಸುಡಬಾರದಂತ ಒಲಿ ಬೂದ್ಯಾಗ ಕಲಸೇನಿ."

"ಬೂದಿನೂ ಸುಣ್ಣ ಇದ್ದಂಗ, ಗೌರವ್ವಾ! ಇದ್ದ ಕಬ್ಬಿಣಾನೂ ಕಟ್ಟಿಹಾಕಿದಿ."

"ಹಂಗಾರ ಇನ್ನಷ್ಟು ತರ್ರಿ."

ತಂದು ನಾನೇ ಸಿಂಪಡಿಸಿದೆ. ಎಲೆಗಳು ಹಸಿರಾದವು, ಆದರೆ ಕಾಯಿ ಕಟ್ಟುವ ಕಾಲ ದಾಟಿತ್ತು. ಆ ಹಸಿರು ನೋಡಿದ ಊರವರು ನನ್ನ ಓದನ್ನು ಹೊಗಳಿದರು.

ಕೊನೆಗೆ ಹೋದದ್ದು ಇಷ್ಟು: ಎರಡು ಪೊಟ್ಟಣ ಅನ್ನಭೇದಿ, ಒಂದು ಪೂರ್ತಿ ಬೆಳೆ, ಮತ್ತು ಗೌರವ್ವ. ಅವಳನ್ನು ಮೈದುನರ ಮನೆಗೆ ಬಿಟ್ಟುಬಂದವಳೂ ನಾನೇ.