ಪಾರಿವಾಳದ ಮಲೇರಿಯಾ, ಅಪ್ಪನ ಕಾರ್ಡು

ಸೂಕ್ಷ್ಮದರ್ಶಕದಡಿ ರಕ್ತಕಣದ ಕೋಶಕೇಂದ್ರ ಒಂದು ತುದಿಗೆ ಸರಿದಿತ್ತು. ಅದನ್ನು ತಳ್ಳಿ ಜಾಗ ಹಿಡಿದದ್ದು ಒಂದು ಗುಂಡಗಿನ ಪರೋಪಜೀವಿ, ಅದರೊಳಗೆ ಕಂದು ಕಾಳುಗಳು. ಹಕ್ಕಿಗಳಿಗೆ ಮಲೇರಿಯಾ ತರುವ ಜಾತಿ. ರಕ್ತ, ಗುಡ್ಡದ ಮೇಲಿನ ಕೂಲಿಕೇರಿ ಮಂಗೋರ್ ಹಿಲ್‌ನ ನಮ್ಮ ಮನೆಯ ತಗಡಿನ ಮಾಡಿನ ಮೇಲೆ ಅಪ್ಪ ಸಾಕಿದ ಬೂದು ಪಾರಿವಾಳದ್ದು. ಎಂ.ಎಸ್ಸಿ. ಪ್ರಾಜೆಕ್ಟಿಗೆಂದು ರೆಕ್ಕೆಯಡಿಯ ರಕ್ತನಾಳದಿಂದ ನಾನೇ ಒಂದು ಹನಿ ತೆಗೆದಿದ್ದೆ.

ಆ ಸಂಜೆ ಮನೆಯಲ್ಲಿ ಹೇಳಿದೆ. ಅವ್ವ ಗಾಬರಿಯಾಗಿ ಗೂಡು ಇಳಿಸಲು ಹೊರಟಳು. ಹಕ್ಕಿಯ ಮಲೇರಿಯಾ ಮನುಷ್ಯರಿಗೆ ಬರುವುದಿಲ್ಲ, ಹರಡುವ ಸೊಳ್ಳೆಯೂ ಬೇರೆ ಎಂದು ಅವಳನ್ನು ಸಮಾಧಾನ ಮಾಡಿದೆ. ಅಪ್ಪ ಮೂಲೆಯಲ್ಲಿ ಕೂತು ಕೇಳಿಸಿಕೊಂಡ.

ಮುಂದಿನ ವಾರ ಅವನಿಗೇ ನಡುಕದ ಜ್ವರ ಬಂತು. ಮರುದಿನ ಬಿಟ್ಟಿತು. ಅದರ ಮರುದಿನ, ಹೆಚ್ಚುಕಡಿಮೆ ಅದೇ ಹೊತ್ತಿಗೆ, ಮತ್ತೆ ಹಿಡಿಯಿತು. ದಿನ ಬಿಟ್ಟು ದಿನ ಬರುವ ಇಂಥ ಜ್ವರ ಮಲೇರಿಯಾದ ಗುರುತೆಂದು ನನಗೆ ಪುಸ್ತಕದಿಂದ ಗೊತ್ತಿತ್ತು. ರಕ್ತ ಪರೀಕ್ಷೆ ಮಾಡಿಸು ಎಂದೆ. ಅಪ್ಪ ಕಟ್ಟಡದ ಕೆಲಸಕ್ಕೆ ಹೋಗುವವನು. ರಕ್ತಪರೀಕ್ಷೆ ಆಗಿದೆ ಎಂಬ ಮುದ್ರೆ ಬಿದ್ದ ಹೆಲ್ತ್ ಕಾರ್ಡ್ ಇಲ್ಲದೆ ಅವನ ಸೈಟಿನಲ್ಲಿ ಒಳಗೆ ಬಿಡುವುದಿಲ್ಲ. ಮಲೇರಿಯಾ ಎಂದು ಗೊತ್ತಾದರೆ ಆರೋಗ್ಯ ಕೇಂದ್ರದವರು ಕಾರ್ಡನ್ನೇ ಇಟ್ಟುಕೊಳ್ಳುತ್ತಾರೆ, ಕೂಲಿ ನಿಲ್ಲುತ್ತದೆ ಎಂಬುದು ಅವನ ಹೆದರಿಕೆ.

"ಹಕ್ಕೀದು ನಮಗ ಬರಂಗಿಲ್ಲಂತ ನೀನ ಹೇಳೀದಿ," ಎಂದ ಕೌದಿಯೊಳಗಿನಿಂದ. "ಮನ್ಯಾಗ ಇದ್ದದ್ದು ಪಾರಿವಾಳದ ಮಲೇರಿಯಾ. ನನಗ ಬಂದದ್ದು ಬರೇ ಮಳಿ ಜ್ವರ."

ಅದು ಬೇರೆ, ಇದು ಬೇರೆ, ಮನುಷ್ಯರದು ಈ ಊರಿನಲ್ಲೇ ಇದೆ ಎಂದು ಬಿಡಿಸಿ ಹೇಳಿದೆ. ಗುಳಿಗೆ ಕೊಡಲು ಬಂದಿದ್ದ ಪಕ್ಕದ ಮನೆಯ ಕಾಕು ನಕ್ಕಳು. "ನಿಮ್ಮ ಡಾಕ್ಟರಮ್ಮ ದಿನಕ್ಕೊಂದು ಹೇಳ್ತಾಳ್ರಿ, ಅಣ್ಣಾ." ಅಪ್ಪನೂ ನಕ್ಕ, ಹಲ್ಲು ಕಟಕಟಿಸುತ್ತಲೇ. ನನಗೆ ನಗು ಬರಲಿಲ್ಲ. ನಾನು ಹೇಳಿದ್ದರಲ್ಲಿ ಒಂದು ಶಬ್ದವೂ ತಪ್ಪಿರಲಿಲ್ಲ, ಅದನ್ನೇ ಅವನು ಹೊದ್ದುಕೊಂಡು ಮಲಗಿದ್ದ. ಎಷ್ಟು ದಿನ ತಡವಾದರೆ ಎಷ್ಟು ಕೆಡುತ್ತದೆ ಎಂದು ಯೋಚಿಸುತ್ತ, ಅವನ ಹಣೆ ಮುಟ್ಟಿ ನೋಡುತ್ತ ಕೂತೆ.

ಮರುದಿನ ಜ್ವರ ಇರಲಿಲ್ಲ. ಅಪ್ಪ ಕೆಲಸಕ್ಕೆ ಹೊರಡಲು ಮುಖ ತೊಳೆಯುತ್ತಿದ್ದ. ಮೊಳೆಗೆ ನೇತುಹಾಕಿದ್ದ ಅಂಗಿಯ ಜೇಬಿನಿಂದ ಕಾರ್ಡ್ ತೆಗೆದು ನನ್ನ ಚೀಲಕ್ಕೆ ಹಾಕಿಕೊಂಡೆ. ಕಾರ್ಡ್ ನನ್ನ ಹತ್ತಿರ ಇದೆ, ರಕ್ತ ಕೊಟ್ಟ ಮೇಲೆ ತಗೊ ಎಂದು ಬಾಗಿಲಲ್ಲಿ ನಿಂತು ಅವನಿಗೆ ಹೇಳಿಯೇ ಮೆಟ್ಟಿಲಿಳಿದು ಆರೋಗ್ಯ ಕೇಂದ್ರದ ದಾರಿ ಹಿಡಿದೆ. ಸ್ವಲ್ಪ ದೂರ ಹೋದ ಮೇಲೆ ಹಿಂದೆ ಅವನ ಚಪ್ಪಲಿಯ ಸದ್ದು ಕೇಳಿತು. ತಿರುಗಿ ನೋಡಲಿಲ್ಲ, ಜ್ವರ ಬಿಟ್ಟ ಅವನ ಕಾಲಿಗೆ ಸಾಗುವಷ್ಟು ನಿಧಾನವಾಗಿ ನಡೆದೆ.